ಬೆಲ್ಲದ ಕೋಣೆಗೆ ಬಿದ್ದ ಬಿಸಿಲು

ಮೊನ್ನೆ ಮಳವಳ್ಳಿಯಲ್ಲಿ ಬಸ್ಸಿಳಿದು ಚೌಕದ ಕಡೆ ನಡೆಯುತ್ತಿದ್ದಾಗ ಬೆಲ್ಲದ ವಾಸನೆ ಬಂತು. ಅಂಗಡಿಯಲ್ಲಿ ತೂಗಿ ಕೊಡುವ ಬೆಲ್ಲದ ವಾಸನೆಯಲ್ಲ. ಹಳೆಯದು, ಸ್ವಲ್ಪ ಹುಳಿಗಟ್ಟಿದ್ದು, ಗೋಡೆಯೊಳಗೆ ಸೇರಿಕೊಂಡು ಕೂತ ಬೆಲ್ಲದ್ದು. ನಾನು ಅಲ್ಲೇ ನಿಂತೆ. ಜೊತೆಯಲ್ಲಿದ್ದ ಮೊಮ್ಮಗಳು, "ಯಾಕಜ್ಜಿ ನಿಂತ್ಬುಟ್ಟೆ? ತಲೆ ಸುತ್ತುತಾ?" ಎಂದು ಕೈ ಹಿಡಿದಳು. "ನಂಗೇನೂ ಆಗಿಲ್ಲ, ನಡಿಯೇ," ಎಂದು ಗದರಿಸಿ ಮುಂದೆ ಹೋದೆ. ಏನೂ ಆಗಿರಲಿಲ್ಲ ಎಂಬುದು ಸುಳ್ಳು.

ಚೌಕದ ಪೂರ್ವಕ್ಕೆ ಒಂದೇ ಮಾಡಿನ ಕೆಳಗಿದ್ದ ಐದು ಅಂಗಡಿಗಳ ಸಾಲನ್ನು ಕೆಡವುತ್ತಿದ್ದರು. ಹೆಂಚೆಲ್ಲ ಇಳಿಸಿ ರಸ್ತೆ ಬದಿಯಲ್ಲಿ ಪೇರಿಸಿದ್ದರು. ಅದರಲ್ಲಿ ನಡುವಿನದು ನಮ್ಮ ಬೆಲ್ಲದ ಮಂಡಿ, ನಾನು ಹದಿನೇಳರ ಹುಡುಗಿಯಾಗಿ ಸೊಸೆಯಾಗಿ ಬಂದ ಮನೆ. ಕೆಲಸದವನೊಬ್ಬ ನನ್ನನ್ನು ನೋಡಿ, "ಅತ್ರ ಬರ್ಬೇಡ ಕಣಜ್ಜಿ, ಗೋಡೆ ಮುಟ್ಟುದ್ರೆ ಕೈ ಅಂಟ್ತದೆ. ಗಾರೆ ಆಕವ್ರೋ ಪಾಯ್ಸ ಆಕವ್ರೋ!" ಎಂದು ನಕ್ಕ. ಇಣುಕಿ ನೋಡಿದೆ. ಹಿಂದಿನ ಬೆಲ್ಲದ ಕೋಣೆಯ ನೆಲದ ಮೇಲೆ ಬಿಸಿಲು ಚೌಕಾಕಾರವಾಗಿ ಬಿದ್ದಿತ್ತು. ಆ ಕೋಣೆಗೆ ಬಿಸಿಲು ಬಿದ್ದುದನ್ನು ನನ್ನ ಆಯುಸ್ಸಿನಲ್ಲಿ ನಾನು ನೋಡಿದ್ದು ಇದು ಎರಡನೆಯ ಸಲ. ಮೊದಲನೆಯದು ಮೂವತ್ತರ ದಶಕದ ನಡುವೆ ಬಂದ ಆ ಹಾಳು ಚಳಿಗಾಲದಲ್ಲಿ.

ಆ ಸಾಲಿನ ಕಥೆ ಹೇಳಬೇಕೆಂದರೆ ನಮ್ಮ ಮಾವ ಕೆಂಚೇಗೌಡರಿಂದ ಶುರು ಮಾಡಬೇಕು. ಅವರದು ದುದ್ದದ ಕಡೆಯ ಬೇಸಾಯದ ಮನೆತನ. ಚಿಕ್ಕಂದಿನಲ್ಲಿ ಗಾಡಿಯಲ್ಲಿ ಬೆಲ್ಲ ಹೇರಿಕೊಂಡು ಮಳವಳ್ಳಿ ಸಂತೆಗೆ ಬರುತ್ತಿದ್ದವರು, ಸಂತೆಯಿಂದ ಸಂತೆಗೆ ಅಲೆದು ಬೇಸತ್ತು ಚೌಕದಲ್ಲೇ ಮಂಡಿ ಹಾಕಿದರು. ಮುಂದೆ ಕಲ್ಲಿನ ಜಗುಲಿ, ಮರದ ಕಂಬ, ಒಂದೊಂದಾಗಿ ಸರಿಸಿ ಮುಚ್ಚುವ ಹಲಗೆ ಬಾಗಿಲು. ಮೇಲೆ ಮಹಡಿ. ಚೌಕಕ್ಕೆಲ್ಲ ಅದೊಂದೇ ಮಹಡಿ. ಅಯ್ಯೋ, ಆ ಮಹಡಿಯ ಗತ್ತನ್ನು ಏನು ಹೇಳಲಿ! ಮಾವ ದಾರಿಯಲ್ಲಿ ಯಾರಾದರೂ ಸಿಕ್ಕರೆ ಕ್ಷೇಮ ಕೇಳುವ ಮೊದಲೇ "ಮಾಡಿ ಮನೆ ನೋಡುದ್ರಾ?" ಎನ್ನುತ್ತಿದ್ದರು. ಮಂಡಿಯ ಹಿಂದೆ, ಮಹಡಿ ಇಲ್ಲದೆ ಸಾಲಿನ ಮಾಡೇ ಮುಂದುವರಿದ ಭಾಗದಲ್ಲಿ, ಬೆಲ್ಲದ ಕೋಣೆ. ಅದಕ್ಕೆ ಕಿಟಕಿಯೇ ಇಟ್ಟಿರಲಿಲ್ಲ. ಬಿಸಿಲು ತಾಗಿದರೆ ಬೆಲ್ಲ ಬೆವರುತ್ತದೆ, ಗಾಳಿ ತಾಗಿದರೆ ಜಿನುಗುತ್ತದೆ. ಅದಕ್ಕಾಗಿ ಗೋಡೆ ದಪ್ಪ, ಮಾಡು ತಗ್ಗು, ನೆಲದ ತುಂಬ ಮೊಳಕಾಲು ಮುಚ್ಚುವಷ್ಟು ಭತ್ತದ ಹುಲ್ಲು. ಹಗಲಲ್ಲೂ ದೀಪ ಹಿಡಿದೇ ಒಳಗೆ ಹೋಗಬೇಕು. ಬೆಲ್ಲಕ್ಕೆ ಅಷ್ಟು ಹಿತವಾದ ಕೋಣೆ ಇಲಿಗೂ ಹಿತ ಎಂದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ನಮ್ಮ ಗೋಡೆಗೆ ಗೋಡೆ ಅಂಟಿಕೊಂಡು ಶಾಮಣ್ಣನವರ ಗ್ರಂಥಿಗೆ ಅಂಗಡಿ. ಅರಿಸಿನದ ಕೊಂಬು, ಲಾವಂಚ, ಅಳಲೆಕಾಯಿ, ಬಾಣಂತಿ ಖಾರದ ಸಾಮಾನು, ಪೂಜೆಯ ಕರ್ಪೂರ ಎಲ್ಲ ಅಲ್ಲಿ. ಪುರೋಹಿತರ ಮನೆತನ; ತಾತನ ಕಾಲದಲ್ಲಿ ಪಂಚಾಂಗ ಹೇಳುತ್ತಿದ್ದ ಜಗುಲಿ, ಮೊಮ್ಮಗನ ಕಾಲಕ್ಕೆ ಅಂಗಡಿಯಾಯಿತು. ಆ ಸಾಲಿನಲ್ಲಿ ಮೊದಲು ಎದ್ದ ಕಟ್ಟಡ ಅವರದೇ. ಮಿಕ್ಕವರೆಲ್ಲ ಅದಕ್ಕೆ ಗೋಡೆ ಕೊಟ್ಟು ಕಟ್ಟಿದವರು. ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದು, ಎಲ್ಲಿ ನೋಡಿದರೂ ಕಬ್ಬಾಗಿ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಗೆ ಬಿಡಲು ತೊಡಗಿದ ಮೇಲೆ ನಮ್ಮ ಮಾವನಿಗೆ ಒಂದೇ ಚಿಂತೆ. ಕಬ್ಬೆಲ್ಲ ಅಲ್ಲಿಗೆ ಹೋದರೆ ಮಂಡಿ ಗತಿ ಏನು? ಮಂಡಿ ದೊಡ್ಡದು ಮಾಡಬೇಕು, ಆಲೆಮನೆಯವರನ್ನು ಹಿಡಿದಿಟ್ಟುಕೊಳ್ಳಬೇಕು. ದೊಡ್ಡದು ಮಾಡಲು ಜಾಗ ಎಲ್ಲಿ? ಪಕ್ಕದಲ್ಲಿ. "ಸಾಮಣ್ಣಾರು ಆ ಬೇರು ನಾರು ಮಾರ್ಕಂಡು ಎಷ್ಟು ದಿನ ಕೂತಿದ್ದಾರು, ಬುಡಿ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ಗಂಡಸರದು ಹೀಗಾದರೆ ಹೆಂಗಸರದು ಬೇರೆ ಲೋಕ. ಅಂಗಡಿಯ ಬಾಗಿಲಿನಿಂದ ನಾವು ಹೊರಗೆ ಕಾಲಿಡುವಂತಿರಲಿಲ್ಲ. ನಮ್ಮ ಓಡಾಟವೆಲ್ಲ ಹಿಂದಿನ ಓಣಿಯಲ್ಲಿ. ನಮ್ಮೆರಡು ಹಿತ್ತಲಿಗೂ ಸೇರಿ ಒಂದೇ ಬಾವಿ. ಬಾವಿಯ ನಡುವೆ ಕಲ್ಲು ಚಪ್ಪಡಿ ಹಾಸಿ ಅದರ ಮೇಲೆ ಗೋಡೆ ಎಬ್ಬಿಸಿದ್ದರು. ಅರ್ಧ ಬಾವಿ ನಮಗೆ, ಅರ್ಧ ಅವರಿಗೆ. ನಮ್ಮ ರಾಟೆ ಬೇರೆ, ಅವರ ರಾಟೆ ಬೇರೆ, ಕೆಳಗಿನ ನೀರು ಮಾತ್ರ ಒಂದೇ. ಬಾವಿಯ ಮೇಲೆ ಗೋಡೆ ಎದೆಮಟ್ಟ ಇದ್ದುದರಿಂದ ನೀರು ಸೇದುತ್ತಾ ಮುಖ ನೋಡಿ ಮಾತಾಡಬಹುದಿತ್ತು. ಶಾಮಣ್ಣನವರ ಹೆಂಡತಿ ಸೀತಮ್ಮ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ನಿಡಘಟ್ಟದಿಂದ ಬಂದು ಅತ್ತೆಮನೆಯಲ್ಲಿ ಹೆದರಿ ಮುದುಡಿಕೊಂಡಿದ್ದ ನನಗೆ ಮೊದಲು ಸಿಕ್ಕ ಗೆಳತಿ ಅವರೇ. "ಚಿಕ್ಕತಾಯಿ, ಇವತ್ತೇನು ಸಾರು?" ಎಂದು ನನ್ನ ಹೆಸರು ಹಿಡಿದು ದಿನಾ ಕೇಳುತ್ತಿದ್ದರು. ನಮ್ಮ ಮನೆಯ ಸಾರು ಅವರು ಉಣ್ಣುವಂತಿರಲಿಲ್ಲ, ಆದರೂ ಕೇಳುತ್ತಿದ್ದರು. ಅವರ ಮಗ ರಾಮು ಆಗತಾನೇ ತಪ್ಪುಹೆಜ್ಜೆ ಇಡುತ್ತಿದ್ದ ಕೂಸು. ಹಿತ್ತಲ ಮಣ್ಣಿನಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ನಮ್ಮ ಮನೆಯಲ್ಲಿ ನನ್ನ ನಾದಿನಿ ನಿಂಗಿ ಇದ್ದಳು, ಅತ್ತೆ ಮಾವನಿಗೆ ಒಬ್ಬಳೇ ಮಗಳು. ಬಾಯಿ ಅಂದರೆ ಬಾಯಿ! ನಾನು ಮುದ್ದೆ ಕಟ್ಟಿದ್ದು ಗಂಟಾದರೆ, "ಅತ್ಗೆ, ಇದ್ನ ಚೌಕದಲ್ಲಿ ಮಡುಗ್ಬುಡು, ಗಾಡಿಯೋರು ಚಕ್ರಕ್ಕೆ ಅಡ್ಡ ಕೊಟ್ಕತಾರೆ," ಎಂದು ಬಿದ್ದು ಬಿದ್ದು ನಗುತ್ತಿದ್ದಳು. ಆ ವರ್ಷ ಅವಳಿಗೆ ದುದ್ದದ ಕಡೆಯ ಒಳ್ಳೆಯ ಮನೆಯೊಂದರಲ್ಲಿ ಸಂಬಂಧ ಗೊತ್ತಾಗಿತ್ತು. ಮಾಘಮಾಸದಲ್ಲಿ ಮದುವೆ, ನಮ್ಮ ಮಹಡಿ ಮನೆಯ ಮುಂದೆಯೇ ಚಪ್ಪರ ಎಂದು ಮಾವ ಹೇಳಿಯಾಗಿತ್ತು. ಅತ್ತೆ ಪುಟ್ಟತಾಯಮ್ಮನವರಿಗೆ ಆ ಮದುವೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಎರಡು ಸಂಬಂಧ ಬಂದು ತಪ್ಪಿ ಹೋಗಿ ಇದು ಕೂಡಿಬಂದಿತ್ತು. ಇದೂ ತಪ್ಪೀತೇನೋ ಎಂದು ಅವರಿಗೆ ಒಳಗೊಳಗೇ ದಿಗಿಲು.

ದೀಪಾವಳಿ ಕಳೆದು ಚಳಿ ಶುರುವಾಗುತ್ತಿದ್ದಂತೆ ಮದ್ದೂರಿನ ಕಡೆಯಿಂದ ಸುದ್ದಿ ಬಂತು. ಇಲಿ ಬೀಳುತ್ತಿವೆ. ಈಗಿನವರಿಗೆ ಆ ಮಾತು ಅರ್ಥವಾಗುವುದಿಲ್ಲ. ಆಗ "ಇಲಿ ಬಿತ್ತಂತೆ" ಎಂದು ಪಿಸುಗುಟ್ಟಿದರೆ ಸಾಕು, ಅಡಿಗೆಮನೆಯಲ್ಲಿದ್ದವರು ಸೌಟು ಹಿಡಿದೇ ಬೀದಿಗೆ ಬರುತ್ತಿದ್ದರು. ಪ್ಲೇಗು ಮೊದಲು ಇಲಿಗೆ, ಆಮೇಲೆ ಮನುಷ್ಯನಿಗೆ. ಇಲಿ ಸತ್ತು ಬಿದ್ದ ಮನೆಯವರು ಕಚೇರಿಗೆ ತಿಳಿಸಬೇಕು. ಕಚೇರಿಯವರು ಬಂದು ಮಾಡಿನ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡುತ್ತಾರೆ, ಗಂಧಕದ ಹೊಗೆ ಹಾಕಿಸುತ್ತಾರೆ, ಸುಣ್ಣ ಬಳಿಸುತ್ತಾರೆ. ಮನೆಯವರು ಊರಾಚೆ ಗುಡಿಸಲು ಹಾಕಿಕೊಂಡು ಇರಬೇಕು, ತೋಳಿಗೆ ಸೂಜಿ ಚುಚ್ಚಿಸಿಕೊಳ್ಳಬೇಕು. ಮುನ್ಸಿಪಾಲಿಟಿಯವರು ಚೌಕದಲ್ಲಿ ತಮಟೆ ಬಡಿಸಿ ಇದನ್ನೆಲ್ಲ ಸಾರಿಸಿದರು. ಜನ ಕೇಳಿದರು, ತಲೆಯಾಡಿಸಿದರು. ಆದರೆ ಇಲಿ ಬಿದ್ದ ಮನೆ ಎಂದು ಒಂದು ಸಲ ಹೆಸರು ಬಿದ್ದರೆ ಆ ಅಂಗಡಿಗೆ ಯಾರು ಬರುತ್ತಾರೆ? ಆ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಅದಕ್ಕೇ ಎಷ್ಟೋ ಮನೆಗಳಲ್ಲಿ ಇಲಿ ಬಿದ್ದರೆ ಒಲೆಗೆ ಹೋಗುತ್ತಿತ್ತು, ತಿಪ್ಪೆಗೆ ಹೋಗುತ್ತಿತ್ತು. ಇಲ್ಲವೇ ಗೋಡೆಯಾಚೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ನಾನು ಬಾವಿಕಟ್ಟೆಯಲ್ಲಿ ತಂಬಿಗೆ ಬೆಳಗುತ್ತಾ ಕೂತಿದ್ದೆ. ಅತ್ತೆ ಬೆಲ್ಲದ ಕೋಣೆಯ ಹಿಂಬಾಗಿಲಿನಿಂದ ಮೊರ ಹಿಡಿದು ಬಂದರು. ಮೊರದಲ್ಲಿ ಬೂದಿ, ಬೂದಿಯೊಳಗಿಂದ ಬಾಲವೊಂದು ಇಣುಕುತ್ತಿತ್ತು. ಅವರು ಆ ಕಡೆ ಈ ಕಡೆ ನೋಡಿದರು. ನನ್ನನ್ನು ನೋಡಲಿಲ್ಲವೋ, ನೋಡಿಯೂ ಲೆಕ್ಕಿಸಲಿಲ್ಲವೋ. ಗೋಡೆಯ ಹತ್ತಿರ ಹೋಗಿ ಮೊರ ಎತ್ತಿ ಒದರಿಬಿಟ್ಟರು. ಆಚೆ ಕಡೆ ಅವರು ಒಲೆ ಬೂದಿ ಸುರಿಯುತ್ತಿದ್ದ ಮಣ್ಣಿನ ಮೇಲೆ ಮೆತ್ತಗೆ ಸದ್ದಾಯಿತು. ತಿರುಗಿದಾಗ ನಮ್ಮಿಬ್ಬರ ಕಣ್ಣು ಕೂಡಿತು.

"ಅತ್ತೆಮ್ಮ..." ಎಂದೆ.

"ನೀನೇನೂ ನೋಡ್ನಿಲ್ಲ," ಎಂದರು. "ಮದ್ವೆ ಒಂದು ಮುಗ್ದೋಗ್ಲಿ ಕಣವ್ವ. ಆಮ್ಯಾಕೆ ಎಲ್ಲಿಗಾದ್ರೂ ಓಗವ, ಗುಡ್ಸಲ್ಗಾದ್ರೂ ಸೈ, ಕಾಡ್ಗಾದ್ರೂ ಸೈ."

ಬಂದು ವರ್ಷ ತುಂಬದ ಸೊಸೆ ಅತ್ತೆಗೆ ಎದುರು ಮಾತಾಡುವ ಕಾಲವಲ್ಲ ಅದು. ನಾನು ಓಡಿ ಗೋಡೆಯ ಮೇಲಿಂದ ಇಣುಕಿ, "ಸೀತಮ್ಮಾರೆ, ಮಗೂನ ಎತ್ಕಳಿ!" ಎಂದು ಕೂಗಿದೆ. ಅಷ್ಟು ಮಾತ್ರ ಬಾಯಿಂದ ಬಂತು. ರಾಮು ಆಗಲೇ ಅತ್ತ ಅಂಬೆಗಾಲಿಟ್ಟು ಹೊರಟಿದ್ದ. ಸೀತಮ್ಮ ಓಡಿ ಬಂದು ಅವನನ್ನು ಎತ್ತಿಕೊಂಡರು, ನೆಲ ನೋಡಿದರು, ಬೆಳ್ಳಗಾದರು.

ಅವರು ಅದನ್ನು ಇನ್ನೊಬ್ಬರ ಹಿತ್ತಲಿಗೆ ಎಸೆಯಲಿಲ್ಲ. ಅಡಗಿಸಲೂ ಇಲ್ಲ. ಗಂಡನನ್ನು ಆಗಲೇ ಕಚೇರಿಗೆ ಕಳಿಸಿದರು. ಮಧ್ಯಾಹ್ನದೊಳಗೆ ಮಾಡಿನ ಮೇಲೆ ಆಳು ಹತ್ತಿದ್ದರು. ತಾತನ ಕಾಲದ ನಾಡಹೆಂಚು ಧಡಧಡ ಕೆಳಗಿಳಿಯಿತು. ಅಂಗಡಿಯ ಸಾಮಾನೆಲ್ಲ ಚೌಕದಲ್ಲಿ ಚಾಪೆ ಹಾಸಿ ಹರವಿದರು. ಲಾವಂಚ, ಬಜೆ, ಶುಂಠಿ ಎಲ್ಲದರ ವಾಸನೆ ಬೆರೆತು ಊರಿಗೆ ಊರೇ ಬಾಣಂತಿ ಮನೆಯ ಹಾಗಿತ್ತು. ಜನ ದೂರದಿಂದ ಮೂಗಿಗೆ ಸೆರಗು, ಟವಲು ಹಿಡಿದು ನೋಡಿ ಹೋದರು. ಶಾಮಣ್ಣನವರು ತಮ್ಮ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದನ್ನು ನಾನು ಮಹಡಿಯ ಕಿಟಕಿಯಿಂದ ನೋಡಿದೆ.

ಕಚೇರಿಯಿಂದ ಬಂದಿದ್ದ ಅಧಿಕಾರಿ ನಮ್ಮ ಮಾವನ ಹತ್ತಿರವೂ ಬಂದರು. "ಗೌಡರೇ, ಗೋಡೆ ಒಂದೇ, ಮಾಡು ಒಂದೇ. ನಿಮ್ಮ ಹಿಂದಿನ ಕೋಣೆಯ ಹೆಂಚೂ ತೆಗೆಸೋದು ಒಳ್ಳೇದು," ಎಂದರು.

"ಬೆಲ್ಲದ ಕ್ವಾಣೆಗೆ ಬಿಸ್ಲು ಬುಟ್ರೆ ನಾನು ಬೀದಿಗೆ ಬಿದ್ದಂಗೆ ಕಣ್ ಸ್ವಾಮಿ. ಕರಗೋಯ್ತದೆ. ನಮ್ಮನೇಲಿ ಇಲಿ ಬಿದ್ದಿದ್ರೆ ನಾನೇ ತೆಗುಸ್ತಿದ್ದೆ."

"ಒಂದೂ ಬಿದ್ದಿಲ್ಲವೇ?"

"ಮನೆದೇವ್ರಾಣೆಗೂ ಬಿದ್ದಿಲ್ಲ," ಎಂದು ಮಾವ ಕೈ ಮೇಲೆ ಕೈ ಇಟ್ಟು ಹೇಳಿದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ಅವರು ಸುಳ್ಳಾಡುವವರಲ್ಲ, ಜಂಬದವರು ಅಷ್ಟೇ. ಒಳಬಾಗಿಲಲ್ಲಿ ನಿಂತಿದ್ದ ಅತ್ತೆ ಆ ಆಣೆ ಕೇಳಿದರು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಹೊರಡುವಾಗ ಸೀತಮ್ಮ ಬಾವಿಯ ಹತ್ತಿರ ಬಂದರು. ಕಂಕುಳಲ್ಲಿ ರಾಮು. "ನಮ್ಮಿಂದ ನಿಮಗೂ ಅಪಾಯ ಕಣೇ. ಮಾವನಿಗೆ ಹೇಳಿ ನೀವೂ ಕೆರೆಯಾಚೆ ಬಂದುಬಿಡಿ. ನಿಂಗಿಗೆ ಸೂಜಿ ಹಾಕಿಸಿ," ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತಿಗೆ ಊರಿನ ಅರ್ಧ ಕೆರೆಯಾಚೆಯ ಬಯಲಿನಲ್ಲಿ ಗುಡಿಸಲು ಹಾಕಿತ್ತು. ನನ್ನ ಗಂಡನಂತೂ ಗಾಡಿಗಳ ಜೊತೆ ಆಲೆಮನೆಯಿಂದ ಆಲೆಮನೆಗೆ ಸುತ್ತುತ್ತಿದ್ದರು. ನಾವು ಉಳಿದವರು ಮಹಡಿ ಮನೆಯಲ್ಲೇ ಇದ್ದೆವು. ಮದುವೆಯ ಅಕ್ಕಿ ಕೇರುತ್ತಿದ್ದೆವು.

ನಿಂಗಿಗೆ ಜ್ವರ ಬಂದದ್ದು ಸಂಕ್ರಾಂತಿ ಆದ ಮೇಲೆ. ಎಳ್ಳು ಬೀರಲು ಬೆಲ್ಲ ಕೊರೆಯುತ್ತಾ ಅವಳೇ ಆ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದಳು. ಬೆಳಿಗ್ಗೆ ಮೈ ಕೆಂಡ. ಸಂಜೆಗೆ ಕಂಕುಳಲ್ಲಿ ಗೆಡ್ಡೆ. ಅತ್ತೆ ಸೆರಗು ಸರಿಸಿ ಅದನ್ನು ನೋಡಿದವರೇ ಗೋಡೆಗೆ ಹಣೆ ಚಚ್ಚಿಕೊಂಡರು. ಡಾಕ್ಟರು ಬಂದರು, ತಡವಾಯಿತು ಎಂದರು. ನಿಂಗಿ ನಡುನಡುವೆ ಎಚ್ಚರವಾಗಿ, "ಅತ್ಗೆ, ಚಪ್ರ ಆಕುದ್ರಾ?" ಎನ್ನುತ್ತಿದ್ದಳು. "ಆಕ್ತಾವ್ರೆ ಕಣೆ," ಎನ್ನುತ್ತಿದ್ದೆ. ಮೂರನೆಯ ದಿನ ಕೇಳಲಿಲ್ಲ. ಅಷ್ಟು ಮಾತಾಡುತ್ತಿದ್ದ ಹುಡುಗಿ ಕಡೆಗೆ ಏನೂ ಹೇಳದೆ ಹೋದಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ನಮ್ಮ ಮಾಡಿನ ಮೇಲೂ ಆಳು ಹತ್ತಿದರು. ಮಾವ ತಡೆಯಲಿಲ್ಲ. ಬೆಲ್ಲದ ಕೋಣೆಗೆ ಆವತ್ತು ಮೊದಲ ಸಲ ಬಿಸಿಲು ಬಿತ್ತು. ಹುಲ್ಲು ಎಳೆದು ಹಾಕಿದರೆ ಕೆಳಗೆ ಒಣಗಿ ಹೋದ ಇಲಿಗಳು. ಮಧ್ಯಾಹ್ನದ ಹೊತ್ತಿಗೆ ಬೆಲ್ಲ ಕರಗಲು ಶುರುವಾಯಿತು. ಒಳಗಿನಿಂದ ಹೊಸ್ತಿಲು ದಾಟಿ, ಮಂಡಿಯ ನೆಲದ ಮೇಲೆ ಹರಿದು, ಕಲ್ಲಿನ ಜಗುಲಿಯಿಂದ ಚೌಕದ ಮಣ್ಣಿಗೆ ಇಳಿಯಿತು. ನೊಣ, ಇರುವೆ, ಜೇನು ಮುತ್ತಿಕೊಂಡವು. ಯಾರೂ ಹತ್ತಿರ ಬರಲಿಲ್ಲ. ಮಾವ ಬಿಸಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು, ಕಾಲಿಗೆ ಬೆಲ್ಲ ಅಂಟಿದರೂ ಅಲ್ಲಾಡಲಿಲ್ಲ. ಕೊನೆಗೆ ನಾನೇ ಅವರ ಕೈ ಹಿಡಿದು ಕೆರೆಯಾಚೆಗೆ ಹೊರಟಿದ್ದ ಗಾಡಿ ಹತ್ತಿಸಿದೆ. ಸೊಸೆ ಮಾವನನ್ನು ಮುಟ್ಟಬಾರದು ಎಂದು ಆ ಹೊತ್ತಿನಲ್ಲಿ ಯಾರಿಗೆ ನೆನಪಿತ್ತು?

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಊರು ಮತ್ತೆ ಊರಾಯಿತು. ಗುಡಿಸಲಿನಿಂದ ಎಲ್ಲ ವಾಪಸ್ಸು ಬಂದೆವು. ಹೆಂಚು ಹೊದಿಸಿದರು, ಸುಣ್ಣ ಬಳಿದರು. ಅಂಗಡಿಗಳ ಹಲಗೆ ಸರಿದವು. ಆದರೆ ನಮ್ಮ ಸಾಲಿನಲ್ಲಿ ನಗು ಸತ್ತೇ ಹೋಗಿತ್ತು. ಮಾವ ಮಂಡಿಯಲ್ಲಿ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳಲು ತೊಡಗಿದರು. "ಸಾಮಣ್ಣಾರ ಮನೆ ಇಲಿ ನನ್ ಮಗ್ಳ ತಿಂದ್ಬುಡ್ತು." ಬೆಳಿಗ್ಗೆ ಹೇಳಿದರು, ಸಂಜೆ ಹೇಳಿದರು, ಸಂತೆಯ ದಿನ ಚೌಕದ ನಡುವೆ ನಿಂತು ಹೇಳಿದರು. ಜನ ನಂಬಿದರು. ನಂಬದೆ ಏನು, ಇಲಿ ಮೊದಲು ಸಿಕ್ಕಿದ್ದು ಅಲ್ಲೇ ತಾನೇ? ಗ್ರಂಥಿಗೆ ಅಂಗಡಿಯ ಮೆಟ್ಟಿಲು ಹತ್ತುವವರಿಲ್ಲವಾದರು. ಬಾಣಂತಿಗೆ ಔಷಧಿ ಬೇಕಾದವರು ಮದ್ದೂರಿಗೋ ಮಂಡ್ಯಕ್ಕೋ ಹೋಗಿ ತಂದರು.

ಮಾವನನ್ನು ಬಿಡಿ. ನಮ್ಮನ್ನು ಕೊಂದದ್ದು ಸೀತಮ್ಮನ ನಡತೆ. ಊರಿಗೆ ಬಂದ ದಿನವೇ ಬಾವಿಯ ಹತ್ತಿರ ನಿಂತು ಅತ್ತೆಗೆ ಕೈ ಮುಗಿದರು. "ಪುಟ್ಟತಾಯಮ್ಮನವರೇ, ನಮ್ಮ ಮನೆಯಿಂದ ನಿಮ್ಮ ಮನೆ ದೀಪ ಹೋಯ್ತು. ಯಾವ ಬಾಯಿಂದ ಕ್ಷಮಿಸಿ ಅನ್ನಲಿ?" ಎಂದು ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ತುಂಬಿದ ಬಿಂದಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿಬಿಟ್ಟರು. ದುಃಖ ಎಂದುಕೊಂಡರು ಸೀತಮ್ಮ. ದುಃಖ ಮಾತ್ರವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅತ್ತೆ ಅನ್ನ ಬಿಟ್ಟರು. ಒಂದು ತುತ್ತು ಗಂಜಿ ಕುಡಿಯಬೇಕಾದರೆ ನಾನು ಪಕ್ಕದಲ್ಲಿ ಕೂತು ಗೋಗರೆಯಬೇಕು. ಒಂದು ದಿನ ಕೈಯಲ್ಲಿ ಲೋಟ ಹಿಡಿದುಕೊಂಡೇ ಹೇಳಿದರು: "ಆ ಇಲಿ ನಮ್ಮನೇದು ಅಂತ ಒಪ್ಕಂಡಿದ್ರೆ ನಮ್ ಮಾಡೂ ಆವತ್ತೇ ತೆಗಿಯೋರು. ನನ್ ನಿಂಗಿ ಇರೋಳು ಕಣವ್ವ. ಗುಡ್ಸಲಲ್ಲಾದ್ರೂ ಇರೋಳು."

ನಾನು ಆ ಲೋಟವನ್ನು ಅವರ ತುಟಿಗೆ ಹಿಡಿದೆ.

ಯುಗಾದಿ ಹತ್ತಿರವಾದಾಗ ಶಾಮಣ್ಣನವರು ಮಾವನ ಹತ್ತಿರ ಬಂದು, ಮೈಸೂರಿನಲ್ಲಿ ತಮ್ಮನ ಮನೆಗೆ ಹೋಗಿಬಿಡುತ್ತೇವೆ, ನೀವು ಕೇಳುತ್ತಿದ್ದಿರಲ್ಲ, ಅಂಗಡಿ ನಿಮಗೇ ಬಿಟ್ಟು ಹೋಗುತ್ತೇವೆ ಎಂದರು. "ನಿಮ್ಮ ಕಣ್ಣೆದುರಿಗೆ ದಿನಾ ಓಡಾಡಿಕೊಂಡಿರಲು ನನ್ನ ಹೆಂಡತಿಗೆ ಆಗುತ್ತಿಲ್ಲ ಗೌಡರೇ," ಎಂದರು. ಮಾವ, "ಊಂ," ಎಂದರು. ಎಷ್ಟೋ ವರ್ಷದಿಂದ ಬೇಕಾಗಿದ್ದ ಜಾಗ ತಾನಾಗಿ ಬಂದು ಕೈಗೆ ಬಿತ್ತು. ಅವರ ಮುಖದಲ್ಲಿ ಸಂತೋಷವಂತೂ ಇರಲಿಲ್ಲ.

ಅವರು ಹೊರಡುವ ಬೆಳಿಗ್ಗೆ ಚೌಕದಲ್ಲಿ ಗಾಡಿ ನಿಂತಿತ್ತು. ಪೆಟ್ಟಿಗೆ, ಒರಳು, ದೇವರ ಮಂಟಪ, ಬೇರುಗಳ ಮೂಟೆ ಎಲ್ಲ ಹೇರಿಯಾಗಿತ್ತು. ಸಾಲಿನ ಅಂಗಡಿಯವರೆಲ್ಲ ತಮ್ಮ ತಮ್ಮ ಜಗುಲಿಯ ಮೇಲೆ ನಿಂತು ನೋಡುತ್ತಿದ್ದರು. ಒಬ್ಬರೂ ಇಳಿದು ಬಂದು, ಹೋಗಿ ಬನ್ನಿ ಎನ್ನಲಿಲ್ಲ. ನಾನು ಮಹಡಿಯಿಂದ ನೋಡುತ್ತಿದ್ದೆ. ಕೆಳಗೆ ಮಂಡಿಯಲ್ಲಿ ಏನೋ ಗದ್ದಲವಾಯಿತು. ಮಾವನ ದನಿ: "ಎಲ್ಲಿಗೆ? ಲೇ, ಎಲ್ಲಿಗೆ ಓಯ್ತಾ ಇದ್ದೀಯೆ? ಅದು ಅಂಗ್ಡಿ ಬಾಗ್ಲು!" ಅಷ್ಟರಲ್ಲಿ ಅತ್ತೆ ಬೆಲ್ಲದ ತಕ್ಕಡಿಯ ಪಕ್ಕದಿಂದ, ಗಂಡಸರ ನಡುವಿನಿಂದ ಹಾದು, ಜಗುಲಿಯಿಂದ ಚೌಕಕ್ಕೆ ಇಳಿದುಬಿಟ್ಟಿದ್ದರು. ಆ ಬಾಗಿಲಿನಿಂದ ನಮ್ಮ ಮನೆಯ ಹೆಂಗಸು ಹೊರಬಂದದ್ದು ಅದೇ ಮೊದಲು. ತಲೆಯ ಮೇಲೆ ಸೆರಗು ಕೂಡ ಇರಲಿಲ್ಲ. ನಾನು ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲಿಳಿದು ಹಿಂದೆ ಓಡಿದೆ.

"ಗಾಡಿ ನಿಲ್ಸಿ," ಎಂದರು ಅತ್ತೆ. "ಸೀತಮ್ಮಾರೆ, ಇಲಿ ನಿಮ್ದಲ್ಲ. ನಮ್ದು. ನಮ್ ಬೆಲ್ಲದ ಕ್ವಾಣೇಲಿ ಬಿದ್ದಿತ್ತು. ಮಗ್ಳ ಮದ್ವೆ ನಿಂತೋಯ್ತದೆ ಅಂತ ನಾನೇ ಮೊರದಲ್ಲಿ ತಂದು ನಿಮ್ ಇತ್ಲಿಗೆ ಎಸ್ದೆ. ಈ ಕೈಯಾರೆ ಎಸ್ದೆ."

ಸೀತಮ್ಮ ಅತ್ತೆಯ ಮುಂದೆ ಬಂದು ನಿಂತರು. ಅವರ ಕಂಕುಳಲ್ಲಿದ್ದ ರಾಮು ಅತ್ತೆಯ ಕಡೆ ಕೈ ಚಾಚಿ ನಗುತ್ತಿದ್ದ.

"ನಮ್ಮ ಮಗು ಅಲ್ಲೇ ಮಣ್ಣಲ್ಲಿ ಆಡ್ತಾ ಇತ್ತು," ಎಂದರು ಸೀತಮ್ಮ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ."

ಸೀತಮ್ಮ ಬೈಯಲಿಲ್ಲ. ಶಪಿಸಲಿಲ್ಲ. ನಾನಾಗಿದ್ದರೆ ಮಣ್ಣು ತೂರಿ ಬೈಯುತ್ತಿದ್ದೆ, ಅವರು ಬೈಯಲಿಲ್ಲ. ಗಂಡನ ಕಡೆ ತಿರುಗಿ, "ಸಾಮಾನು ಇಳಿಸಿ," ಎಂದರು.

"ಏನೇ ಇದು..."

"ಇಳಿಸಿ ಅಂದೆ. ತಪ್ಪು ನಮ್ಮದು ಅಂದುಕೊಂಡು ಹೊರಟಿದ್ದು. ನಮ್ಮದಲ್ಲ ಅಂದಮೇಲೆ ನಾವ್ಯಾಕೆ ಊರು ಬಿಡಬೇಕು?" ಎಂದು ರಾಮುವನ್ನು ಗಂಡನ ತೋಳಿಗೆ ಕೊಟ್ಟು ತಾವೇ ದೇವರ ಮಂಟಪವನ್ನು ಎತ್ತಿಕೊಂಡು ಒಳಗೆ ನಡೆದುಬಿಟ್ಟರು. ಆಗ ಪಕ್ಕದ ಬಟ್ಟೆ ಅಂಗಡಿಯವರು ಜಗುಲಿಯಿಂದ ಇಳಿದು ಬಂದು ಮೂಟೆಗೆ ಕೈ ಹಾಕಿದರು. ಮಿಕ್ಕವರೂ ಬಂದರು. ಗಾಡಿ ಹೇರುವಾಗ ಬಾರದವರೆಲ್ಲ ಇಳಿಸುವಾಗ ಬಂದರು.

ಆ ದಿನ ಮಾವ ಅತ್ತೆಗೆ ಹೊಡೆಯುತ್ತಾರೇನೋ ಎಂದು ನಾನು ಹೆದರಿದ್ದೆ. ಹೊಡೆಯಲಿಲ್ಲ. ಕಂಬಕ್ಕೆ ಒರಗಿ ಕೂತು ಒಂದೇ ಪ್ರಶ್ನೆ ಕೇಳಿದರು. "ನಾನು ದೇವ್ರಾಣೆ ಮಡುಗ್ದಾಗ ನೀನು ಒಳ್ಗೇ ಇದ್ಯಲ್ಲೇ?"

"ಇದ್ದೆ."

ಅಷ್ಟೇ. ಸುಳ್ಳಾಣೆಗೆ ದೇವರು ಮಗಳನ್ನು ತೆಗೆದುಕೊಂಡ ಎಂದು ಆ ಮನುಷ್ಯ ಕೊನೆಯವರೆಗೂ ನಂಬಿದ್ದರು. ಮಂಡಿಯನ್ನು ನನ್ನ ಗಂಡನಿಗೆ ವಹಿಸಿಬಿಟ್ಟರು. ಮಹಡಿಯ ಮಾತು ಅವರ ಬಾಯಲ್ಲಿ ಮತ್ತೆ ನಾನು ಕೇಳಲಿಲ್ಲ.

ಗ್ರಂಥಿಗೆ ಅಂಗಡಿಗೆ ಜನ ಮತ್ತೆ ಬಂದರು. ಆದರೆ ಬಾವಿಯ ಗೋಡೆಯಾಚೆ ಈಚೆ ಮಾತು ನಿಂತೇ ಹೋಯಿತು. ಸೀತಮ್ಮ ನನ್ನ ಹತ್ತಿರ ಒಂದೆರಡು ಮಾತು ಆಡುತ್ತಿದ್ದರು. ಅತ್ತೆಯ ಹೆಜ್ಜೆ ಸದ್ದಾದರೆ ಬಿಂದಿಗೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಅತ್ತೆಯೂ ಅಷ್ಟೇ. ಆಚೆಯ ರಾಟೆ ತಿರುಗುವುದು ನಿಂತ ಮೇಲೆಯೇ ತಮ್ಮ ಹಗ್ಗ ಇಳಿಬಿಡುತ್ತಿದ್ದರು. ಮನೆಯಲ್ಲಿ ಹನಿ ನೀರಿಲ್ಲದಿದ್ದರೂ ಬಾವಿಕಟ್ಟೆಯಿಂದ ದೂರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಂದಿಗೆ ಹಿಡಿದು ಕಾಯುತ್ತಾ ಕೂತಿರುತ್ತಿದ್ದರು. ವರ್ಷಗಳೇ ಹೀಗೆ ಕಳೆದವು. 

ರಾಮು ಸ್ಕೂಲಿಗೆ ಸೇರಿದ ಮೇಲೆ ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಆಚೆಯಿಂದ ಅವನು ಮಗ್ಗಿ ಹೇಳುವುದು ಕೇಳುತ್ತಿತ್ತು. "ಸೀತಮ್ಮಾರೆ, ಇನ್ನೂ ಎಷ್ಟು ದಿನ ಇಂಗೆ?" ಎಂದೆ. "ಅತ್ತೆ ಮುದ್ಕಿ ಆದ್ರು. ಬೈಯ್ಯೋದಿದ್ರೆ ಒಂದ್ಸಲ ಬೈದ್ಬುಡಿ. ಇಂಗೆ ಸುಮ್ನಿದ್ದು ಕೊಲ್ಬೇಡಿ."

ಸೀತಮ್ಮ ಹಗ್ಗ ಹಿಡಿದು ನಿಂತರು. "ಬೈಯ್ಯೋಕೆ ಏನಿದೆಯೇ ಚಿಕ್ಕತಾಯಿ?" ಎಂದರು. "ಆ ಇಲಿ ಬೀಳದಿದ್ದರೆ ನಾವು ಗುಡಿಸಲಿಗೆ ಹೋಗ್ತಿರಲಿಲ್ಲ. ಸೂಜಿ ಹಾಕಿಸ್ತಿರಲಿಲ್ಲ. ಅದೇ ಗೋಡೆ, ಅದೇ ಮಾಡು, ಇವನೂ ಉಳೀತಿರಲಿಲ್ಲ. ಬಾಯಿಬಿಟ್ಟರೆ ಮೊದಲು ಅದನ್ನ ಹೇಳಬೇಕಾಗುತ್ತೆ. ಮಗಳನ್ನ ಕಳಕೊಂಡವರ ಎದುರಿಗೆ ನಿಂತು ಹೇಗೆ ಹೇಳಲೇ, ನೀವು ಎಸೆದದ್ದರಿಂದ ನನ್ನ ಮಗು ಉಳೀತು ಅಂತ? ಅದಕ್ಕೇ ಕಣೇ ನಾನು ಒಳಗೆ ಹೋಗೋದು."

ನಾನು ಹಿಂದೆ ತಿರುಗಿದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆ ಎದ್ದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮೆಲ್ಲಗೆ ಬಂದು ಗೋಡೆಯ ಮೇಲೆ ಕೈ ಇಟ್ಟರು. ಸೀತಮ್ಮ ಬಿಂದಿಗೆಗೆ ಕೈ ಹಾಕಿದರು, ಆದರೆ ಒಳಗೆ ಹೋಗಲಿಲ್ಲ.

"ಮಗ ಚೆಂದಾಗವ್ನಾ?" ಎಂದರು ಅತ್ತೆ.

ಆಚೆ ಮಗ್ಗಿ ನಿಂತಿತ್ತು.

"ಚೆನ್ನಾಗಿದ್ದಾನೆ," ಎಂದರು ಸೀತಮ್ಮ.

ಅತ್ತೆ ತಲೆಯಾಡಿಸಿ, ಆಚೆಯವರು ಇನ್ನೂ ನಿಂತಿರುವಾಗಲೇ ಬಾವಿಗೆ ಹಗ್ಗ ಇಳಿಬಿಟ್ಟರು.